ಬೋರಲಿಟ್ಟ ಬಟ್ಟಲು

ವಯಸ್ಸಾದಂತೆ ಮನುಷ್ಯ ಮಾಗುತ್ತಾನೆ, ಹಳೆಯ ಕಹಿಯೆಲ್ಲ ಕಾಲದ ನೀರಿನಲ್ಲಿ ಕರಗಿಹೋಗುತ್ತದೆ, ಕೊನೆಗೆ ಉಳಿಯುವುದು ಕ್ಷಮೆಯೊಂದೇ ಎಂದು ತಿಳಿದವರು ಹೇಳುತ್ತಾರೆ. ಈ ತಿಳಿದವರ ಪೈಕಿ ನಮ್ಮ ಮನೆತನದವರು ಒಬ್ಬರೂ ಇಲ್ಲ. ನಮ್ಮಲ್ಲಿ ಕಹಿ ಕರಗುವುದಿಲ್ಲ, ತಳದಲ್ಲಿ ನಿಲ್ಲುತ್ತದೆ. ಲೋಟ ಅಲ್ಲಾಡಿಸಿದರೆ ಮತ್ತೆ ಮೇಲಕ್ಕೆ ಬರುತ್ತದೆ.

ನನ್ನ ಲೋಟವನ್ನು ಆಗಾಗ ಅಲ್ಲಾಡಿಸುವುದು ಪರ್ತ್‌ನ ಗಾಳಿ. ಹ್ಯಾರಿಸ್‌ಡೇಲಿನ ಮನೆಯಿಂದ ವೆಲ್ಷ್‌ಪೂಲಿಗೆ ಕೆಲಸಕ್ಕೆ ಹೋಗುವಾಗ, ಗೋದಾಮುಗಳ ಸಾಲಿನ ಹಿಂದೆ ಎಲ್ಲೋ ಯಾರೋ ಕಾಫಿಬೀಜ ಹುರಿಯುತ್ತಾರೆ. ಇನ್ನೊಂದು ಗಳಿಗೆ ಬಿಟ್ಟರೆ ಸೀದುಹೋಗುತ್ತದೆ ಎನ್ನುವಷ್ಟು ಕಪ್ಪಗೆ ಹುರಿದ ವಾಸನೆ. ಲಾರಿಗಳ ಹೊಗೆಯ ನಡುವೆ ದಾರಿ ಮಾಡಿಕೊಂಡು ಅದು ಕಾರಿನೊಳಕ್ಕೆ ಬಂದ ಕೂಡಲೇ ನಾನು ಐವತ್ತು ದಾಟಿದ ಎಂಜಿನಿಯರ್ ಆಗಿ ಉಳಿಯುವುದಿಲ್ಲ. ಅಡಿಲೇಡಿನಲ್ಲಿ ಮಂಡಿ ತರಚಿಕೊಂಡು ಮೂರು ಅಂಗಡಿಗಳ ಮುಂದಿನ ಜಗಲಿಯ ಮೇಲೆ ಕೂತ ಹುಡುಗಿಯಾಗುತ್ತೇನೆ. ಪಕ್ಕದಲ್ಲಿ ನನ್ನ ಅಜ್ಜಿ. ಅವಳ ಪಕ್ಕದಲ್ಲಿ ಕಪ್ಪು ಬಟ್ಟೆಯ ಕಲಿಯೋಪಿ. ಇಬ್ಬರ ಮಡಿಲಲ್ಲೂ ಬಿಡಿಸುತ್ತಿರುವ ಬಟಾಣಿ. ಆಮೇಲೆ ನನಗೆ ಕೋಪ ಬರುತ್ತದೆ, ಸಿಗ್ನಲ್ ಹಸಿರಾದರೂ ಹೊರಡುವುದು ಮರೆಯುತ್ತೇನೆ, ಹಿಂದಿನವರು ಹಾರನ್ ಹೊಡೆಯುತ್ತಾರೆ.

ಅಪ್ಪ ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಮನೆ ಕೆಂಪು ಇಟ್ಟಿಗೆಯದು, ತಗಡಿನ ಚಾವಣಿ; ಬೇಸಿಗೆಯಲ್ಲಿ ಆ ತಗಡು ಕಾದು ಟಪ್ ಟಪ್ ಎಂದು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಅಜ್ಜಿ, ಅಪ್ಪನ ತಾಯಿ, ಮೈಸೂರಿನಿಂದ ಬಂದು ನಮ್ಮೊಡನಿದ್ದಳು. ಆಸ್ಟ್ರೇಲಿಯಾದ ಬಗ್ಗೆ ಅವಳಿಗಿದ್ದ ಗೌರವವೆಲ್ಲ ಬಿಸಿಲಿಗೆ ಸಂಬಂಧಿಸಿದ್ದು. ಹಿತ್ತಲಿನಲ್ಲಿ ಹಳೆ ಪಂಚೆ ಹಾಸಿ ಸಂಡಿಗೆ ಇಟ್ಟರೆ ಸಂಜೆಯೊಳಗೆ ಗರಿಗರಿ ಒಣಗುತ್ತಿತ್ತು. ಇಂಥ ಬಿಸಿಲನ್ನು ಇಟ್ಟುಕೊಂಡು ಈ ಜನ ಮೈಗೆ ಎಣ್ಣೆ ಹಚ್ಚಿಕೊಂಡು ಸಮುದ್ರದ ದಂಡೆಯಲ್ಲಿ ಮಲಗುತ್ತಾರಲ್ಲ, ನಾಲ್ಕು ಹಪ್ಪಳವನ್ನಾದರೂ ಪಕ್ಕದಲ್ಲಿ ಹರಡಬಾರದೇ ಎಂದು ಕನಿಕರ ಪಡುತ್ತಿದ್ದಳು. ಬೆಳಗಾದರೆ ಮನೆಯ ತುಂಬ ಅವಳ ಹಿತ್ತಾಳೆ ಫಿಲ್ಟರಿನ ವಾಸನೆ. ಮೈಸೂರಿನಿಂದ ಯಾರು ಬಂದರೂ ಕಾಫಿಪುಡಿ ತರಬೇಕೆಂಬುದು ವೀಸಾದಷ್ಟೇ ಕಡ್ಡಾಯವಾದ ನಿಯಮ. ಲೋಟದ ತಳದಲ್ಲಿ ಒಂದು ಕಾಳು ಚರಟ ಕಂಡರೂ ಆ ಮನೆಯ ಹೆಂಗಸಿಗೆ ಏನೋ ಕಷ್ಟ ಬಂದಿದೆ ಎಂದು ಅವಳು ತೀರ್ಮಾನಿಸುತ್ತಿದ್ದಳು. ಈ ತೀರ್ಮಾನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು.

ನಮ್ಮ ಬೀದಿಯ ತುದಿಯಲ್ಲಿ ಮೂರು ಅಂಗಡಿಗಳು ಒಂದೇ ಜಗಲಿಗೆ ಒರಗಿಕೊಂಡಿದ್ದವು: ಬ್ರೆಡ್ಡಿನದೊಂದು, ದಿನಸಿಯದೊಂದು, ಮುದುಕರು ಇಸ್ಪೀಟಾಡುವ ಕಾಫಿ ಅಂಗಡಿಯೊಂದು. ಮೂರೂ ಒಂದೇ ಸಂಸಾರದವು. ಗ್ರೀಸಿನ ಯಾವುದೋ ದ್ವೀಪದ ಯಾವುದೋ ಹಳ್ಳಿಯಿಂದ ಬಂದವರು. ದಿನಸಿ ಅಂಗಡಿಯ ಗೋಡೆಗೆ ಆ ಹಳ್ಳಿಯ ಫೋಟೋ ತೂಗುಹಾಕಿದ್ದರು. ಬಿಳಿ ಮನೆಗಳು, ಒಂದು ದೊಡ್ಡ ಮರ, ಮರದ ಕೆಳಗೆ ಇಂಥವೇ ಮೂರು ಅಂಗಡಿಗಳು. ಅಂದರೆ ಇವರು ಇಲ್ಲಿಗೆ ಬರುವಾಗ ಊರನ್ನೇ ಮಡಚಿ ಟ್ರಂಕಿನಲ್ಲಿ ಹಾಕಿಕೊಂಡು ಬಂದಿದ್ದರು. ಅಂಗಡಿಯೊಳಗೆ ಆಲಿವ್ ಕಾಯಿಯ ಉಪ್ಪುನೀರು, ಗೋಣಿಚೀಲ, ಒಣಮೀನು, ಸುಟ್ಟ ಎಳ್ಳು ಎಲ್ಲ ಸೇರಿದ ಒಂದು ತಂಪು ವಾಸನೆ. ಒಣಮೀನಿನ ಕಾರಣದಿಂದ ಅಜ್ಜಿ ಒಳಗೆ ಕಾಲಿಡುತ್ತಿರಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತು ರವೆ, ಕಡಲೆ ಏನು ಬೇಕೋ ಅದನ್ನು ನನ್ನ ಮೂಲಕ ಹೇಳಿಕಳಿಸುತ್ತಿದ್ದಳು. ಅಂಗಡಿಯ ಯಜಮಾನ ಮನೋಲಿ ಅಳೆದು ಕಟ್ಟಿ ತಾನೇ ಹೊರಗೆ ತಂದುಕೊಟ್ಟು ಎದೆಗೆ ಕೈಯಿಟ್ಟು ಬಾಗುತ್ತಿದ್ದ. ಅವನ ಮಗಳು ವೂಲಾ ನನ್ನ ವಯಸ್ಸಿನವಳು. ಅವನ ತಾಯಿಯೇ ಕಲಿಯೋಪಿ. ವೂಲಾ ಅವಳನ್ನು ಯಾಯಾ ಎನ್ನುತ್ತಿದ್ದಳು, ಅವರಲ್ಲಿ ಅಜ್ಜಿಗೆ ಹಾಗೆ.

ಕಲಿಯೋಪಿಗೆ ಗ್ರೀಕ್ ಬಿಟ್ಟರೆ ಬೇರೆ ಬಾರದು, ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆದ್ದರಿಂದ ಅವರಿಬ್ಬರ ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ. ಬೆಳಗಿನ ಹೊತ್ತು ಬೆಂಚಿನ ಮೇಲೆ ಕೂತು ಒಬ್ಬಳು ಸೊಪ್ಪು ಸೋಸುತ್ತ, ಒಬ್ಬಳು ಬಟಾಣಿ ಬಿಡಿಸುತ್ತ, ತಂತಮ್ಮ ಭಾಷೆಯಲ್ಲಿ ತಂತಮ್ಮ ಸೊಸೆಯರನ್ನು ದೂರುತ್ತಿದ್ದರು. ಇಬ್ಬರೂ ವಿಧವೆಯರು. ಇದರಲ್ಲಿ ಒಂದು ವ್ಯತ್ಯಾಸವಿತ್ತು. ಅಜ್ಜಿ ಮೈಸೂರಿನಲ್ಲಿ ಮದುವೆ ಮನೆಗಳ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದವಳು, ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ತಾನಾಗಿಯೇ ಬಾಗಿಲ ಮರೆಗೆ ಸರಿಯುತ್ತಿದ್ದವಳು. ಅಡಿಲೇಡಿನ ಆ ಜಗಲಿಯಲ್ಲಿ ಅವಳನ್ನು ಕಂಡು ಯಾರೂ ಹೆಜ್ಜೆ ಹಿಂದಿಡುತ್ತಿರಲಿಲ್ಲ. ಕಲಿಯೋಪಿಯಂತೂ ಹೊಸ ಮದುಮಗಳನ್ನೇ ಕರೆತಂದು ಅಜ್ಜಿಯ ಕೈಯನ್ನು ಹಿಡಿದು ಅವಳ ತಲೆಯ ಮೇಲೆ ಇರಿಸಿದ್ದಳು. ಅವತ್ತು ಮನೆಗೆ ಬಂದ ಅಜ್ಜಿ ಆ ಕೈಯನ್ನು ತುಂಬ ಹೊತ್ತು ನೋಡಿಕೊಂಡಳು. 

ಕಲಿಯೋಪಿ ಬರಿಯ ಮುದುಕಿಯಲ್ಲ, ಸಂಸ್ಥೆ. ಅವರ ಕಾಫಿಯಲ್ಲಿ ಪುಡಿಯನ್ನು ನೀರಿನೊಡನೆಯೇ ಕುದಿಸಿ ಹಾಗೇ ಬಟ್ಟಲಿಗೆ ಬಗ್ಗಿಸುತ್ತಾರೆ. ಕುಡಿದಾದ ಮೇಲೆ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ ಬಿಟ್ಟರೆ ಚರಟ ಒಳಗೋಡೆಗೆಲ್ಲ ಹರಿದು ಒಣಗುತ್ತದೆ. ಆ ಗೆರೆಗಳನ್ನು ನೋಡಿ ಕಲಿಯೋಪಿ ಭವಿಷ್ಯ ಹೇಳುತ್ತಿದ್ದಳು. ದಾರಿ ಕಂಡರೆ ಪ್ರಯಾಣ, ಹಕ್ಕಿ ಕಂಡರೆ ಸುದ್ದಿ. ಆ ಕಡೆಯ ಗ್ರೀಕರು ಅವಳ ಬಟ್ಟಲು ಒಪ್ಪದೆ ಮದುವೆ ಮಾಡುತ್ತಿರಲಿಲ್ಲ, ಆಪರೇಷನ್ ಮಾಡಿಸಿಕೊಳ್ಳುತ್ತಿರಲಿಲ್ಲ. ತಮ್ಮ ರೋಗಿಗಳ ವಿಷಯದಲ್ಲಿ ತಾವು ಬರಿಯ ಎರಡನೆಯ ಅಭಿಪ್ರಾಯ ಎಂದು ಅಪ್ಪ ಊಟದ ಹೊತ್ತಿನಲ್ಲಿ ಗೊಣಗುತ್ತಿದ್ದರು. ಇದೆಲ್ಲ ನಡೆಯುತ್ತಿದ್ದುದು ಕಾಫಿ ಅಂಗಡಿಯ ಒಳಗೆ. ಅಜ್ಜಿ ಇದ್ದದ್ದು ಹೊರಗೆ. ಗೆಳತಿ ಒಳಗೆ ಹೋಗಿ ಏನೋ ಕಷ್ಟಸುಖ ವಿಚಾರಿಸಿ ಬರುತ್ತಾಳೆ ಎಂದಷ್ಟೇ ಅವಳಿಗೆ ಗೊತ್ತು.

ಕಲಿಯೋಪಿಯ ಹೆಸರಿನ ಹಬ್ಬ, ಅಂದರೆ ಅವಳು ಹೆಸರು ಹೊತ್ತ ಸಂತಳ ದಿನ, ಬಂತು. ಅವರಲ್ಲಿ ಹುಟ್ಟುಹಬ್ಬಕ್ಕಿಂತ ಅದು ದೊಡ್ಡದು. ಅಂದು ಅಜ್ಜಿ ನಮ್ಮ ಮನೆತನದ ಇತಿಹಾಸದಲ್ಲೇ ಇಲ್ಲದ ಒಂದು ನಿರ್ಧಾರ ಕೈಗೊಂಡಳು: ಹೊರಗಡೆ ಕಾಫಿ ಕುಡಿಯುವುದು. ಅಮ್ಮ ಕೈಲಿದ್ದ ಸೌಟು ಬಿಟ್ಟಳು. ಅಜ್ಜಿ ಸ್ನಾನ ಮಾಡಿ, ಒಗೆದ ಬಿಳಿ ಸೀರೆಯುಟ್ಟು, ಸೆರಗಿನೊಳಗೆ ತನ್ನ ಲೋಟ, ಅದನ್ನು ಒರೆಸಲು ತೆಳುವಾದ ಒಂದು ತುಂಡು ಪಂಚೆ ಇಟ್ಟುಕೊಂಡು, ನನ್ನ ಕೈ ಹಿಡಿದು, ಮೂಗನ್ನು ಬಿಗಿಹಿಡಿದು ಕಾಫಿ ಅಂಗಡಿಯೊಳಗೆ ಕಾಲಿಟ್ಟಳು. ಎಲ್ಲರೂ ಎದ್ದು ನಿಂತರು. ಕಲಿಯೋಪಿ ತಾನೇ ಕುದಿಸಿದ ಕಾಫಿಯನ್ನು ಚಿನ್ನದ ಅಂಚಿನ ಬಟ್ಟಲಿನಲ್ಲಿ ತಂದಿಟ್ಟಳು. ಆಮೇಲೆ ಕೇಕು ಕತ್ತರಿಸುವ ಗಲಾಟೆ; ಎಲ್ಲರ ಕಣ್ಣು ಅತ್ತ ಹೋಯಿತು. ಅಜ್ಜಿ ಬಟ್ಟಲೊಳಗೆ ಇಣುಕಿದಳು. ಅರ್ಧ ಬಟ್ಟಲು ಚರಟ. ಅವಳ ಮುಖದಲ್ಲಿ ಕಂಡದ್ದು ಅಸಹ್ಯವಲ್ಲ, ಮರುಕ. ಪಾಪ, ಹಬ್ಬದ ಗಡಿಬಿಡಿಯಲ್ಲಿ ಸೋಸುವುದನ್ನೇ ಮರೆತಿದ್ದಾಳೆ. ನಾಲ್ಕು ಜನರ ಮುಂದೆ ಅವಳ ಮಾನ ಹೋಗಬಾರದು. ಪಂಚೆಯ ತುಂಡಿನಲ್ಲಿ ಸೋಸಿ ತನ್ನ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಕುಡಿದ ಪಾತ್ರೆಯನ್ನು ತೊಳೆಯದೆ ಬಿಟ್ಟು ಏಳುವ ಪದ್ಧತಿ ನಮ್ಮಲ್ಲಿಲ್ಲ. ಹಿಂಬಾಗಿಲ ನಲ್ಲಿಗೆ ಹೋಗಿ ಚರಟ ಚೆಲ್ಲಿ, ಲೋಟವನ್ನೂ ಬಟ್ಟಲನ್ನೂ ಬೆಳಗಿ, ಒರೆಸಿ, ಬಟ್ಟಲನ್ನು ತಟ್ಟೆಯ ಮೇಲೆ ನೀಟಾಗಿ ಬೋರಲಿಟ್ಟು, ಏನೂ ಆಗದವಳಂತೆ ಕೂತಳು.

ಕಲಿಯೋಪಿ ಬಂದು ಆ ಬೋರಲು ಬಟ್ಟಲನ್ನು ಕಂಡು ಹಿಗ್ಗಿದಳು. ಗೆಳತಿ ಭವಿಷ್ಯ ಕೇಳುತ್ತಿದ್ದಾಳೆ. ಇಸ್ಪೀಟು ನಿಂತಿತು. ಮನೋಲಿ ಕುರ್ಚಿ ಎಳೆದುಕೊಂಡ. ಕಲಿಯೋಪಿ ಬಟ್ಟಲೆತ್ತಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಗ್ರೀಕಿನಲ್ಲಿ ಒಂದೇ ಮಾತು. ವೂಲಾ ಅದನ್ನು ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ ತಂದೆ.

"ಅಜ್ಜಿ, ನಿಂಗೆ ಮುಂದೆ ಏನೂ ಇಲ್ವಂತೆ."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಅದು ನಂಗೂ ಗೊತ್ತಿತ್ತು. ಅದನ್ನ ಹೇಳಕ್ಕೆ ಕಾಫಿ ಯಾಕ್ ಬೇಕಿತ್ತು?"

ಇದನ್ನು ಯಾರೂ ಗ್ರೀಕಿಗೆ ತರಲಿಲ್ಲ. ಮರುದಿನ ಬೆಂಚು ಜಗಲಿಯಲ್ಲಿರಲಿಲ್ಲ. ತಾಯಿಗೆ ಮೈ ಹುಷಾರಿಲ್ಲ ಎಂದು ಮನೋಲಿ ಹೇಳಿದ, ಎದೆಗೆ ಕೈಯಿಡಲಿಲ್ಲ. ಅದರ ಮರುವಾರವೂ ಹುಷಾರಿರಲಿಲ್ಲ. ಬ್ರೆಡ್ಡಿನ ಅಂಗಡಿಯ ಹೆಂಗಸರು ಅಜ್ಜಿಯನ್ನು ಕಂಡರೆ ಎದೆಯೊಳಕ್ಕೆ ಥೂ ಥೂ ಥೂ ಎಂದು ಮೆಲ್ಲಗೆ ಉಗಿದುಕೊಳ್ಳುತ್ತಿದ್ದರು. ಇದಕ್ಕೆ ವೂಲಾಳೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಉಪ್ಪು ಮೆಣಸಿನಕಾಯಿ ಇಳಿತೆಗೆದು ದೃಷ್ಟಿ ತೆಗೆದವಳಿಗೆ, ತಾನೇ ದೃಷ್ಟಿಯಾಗಿದ್ದೇನೆ ಎಂಬುದು ತಿಳಿಯುವುದಿಲ್ಲವೇ. ಅವಳು ಅಂಗಡಿಯ ಕಡೆ ಹೋಗುವುದು ನಿಲ್ಲಿಸಿದಳು. ಒಂದು ಸಲ ಮಾತ್ರ, ಅಮ್ಮನ ಹತ್ತಿರ, ಹೂಕೋಸು ಬಿಡಿಸುತ್ತ ಹೇಳಿದಳು: "ಮೈಸೂರಲ್ಲಿ ಬಿಟ್ ಬಂದಿದ್ದು, ವಿಳಾಸ ಹುಡುಕ್ಕೊಂಡು ಇಲ್ಲಿಗೇ ಬಂತು ನೋಡು."

ಆ ಚಳಿಗಾಲ ಸತ್ತದ್ದು, ಭವಿಷ್ಯವೇ ಇಲ್ಲದ ಅಜ್ಜಿಯಲ್ಲ, ಕಲಿಯೋಪಿ. ನಲವತ್ತನೆಯ ದಿನ ಅವರಲ್ಲಿ ಗೋಧಿಯನ್ನು ಬೇಯಿಸಿ, ಸಕ್ಕರೆ, ದಾಳಿಂಬೆ, ಬಾದಾಮಿ ಬೆರೆಸಿ ಸತ್ತವರ ಹೆಸರಿನಲ್ಲಿ ಹಂಚುತ್ತಾರೆ. ಸತ್ತವರ ಹೆಸರಿನಲ್ಲಿ ಬಂದದ್ದಕ್ಕೆ ಮಡಿಮೈಲಿಗೆಯಿಲ್ಲ ಎಂದು ಅಜ್ಜಿ ಮೊದಲೇ ಸಾರಿ, ತಲೆಗೆ ನೀರು ಹಾಕಿಕೊಂಡು, ಮುಂಬಾಗಿಲಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ಕೂತಳು. ಮನೋಲಿ ಬುಟ್ಟಿ ಹೊತ್ತು ಬೀದಿಯ ಆ ತುದಿಯಿಂದ ಬಂದ. ಎದುರುಮನೆಗೆ ಕೊಟ್ಟ. ಪಕ್ಕದ ಮನೆಗೆ, ನಾಯಿಯ ಹೊರತು ಯಾರೊಂದಿಗೂ ಮಾತಾಡದ ಆ ಮನುಷ್ಯನಿಗೂ ಕೊಟ್ಟ. ನಮ್ಮ ಗೇಟಿನ ಹತ್ತಿರ ಒಂದು ಕ್ಷಣ ನಿಂತು, ತಲೆ ತಗ್ಗಿಸಿ, ಮುಂದೆ ಹೋದ. ಅಜ್ಜಿ ಬಿಸಿಲು ಹೊಸ್ತಿಲು ದಾಟುವ ತನಕ ಕೂತಿದ್ದಳು. ಅನಂತರ ಆ ಬೆಳ್ಳಿ ಬಟ್ಟಲನ್ನು, ಏನೂ ಹಾಕದ ಬಟ್ಟಲನ್ನು, ತೊಳೆದು ಒಳಗಿಟ್ಟಳು.

ತೊಳೆಯುತ್ತಿದ್ದ ಆ ಕೈಯನ್ನು ನೋಡುತ್ತ ನಾನು ಪ್ರತಿಜ್ಞೆ ಮಾಡಿದೆ. ನಾನು ದೊಡ್ಡವಳಾದ ಮೇಲೆ ಇವರ ಮೂಲಸ್ಥಾನಕ್ಕೇ ಹೋಗುತ್ತೇನೆ. ಅಜ್ಜಿಯ ಫಿಲ್ಟರಿನಲ್ಲಿ, ಒಂದು ಕಾಳು ಚರಟವಿಲ್ಲದ ಕಾಫಿ ಮಾಡಿ ಈ ವಂಶದವರಿಗೆ ಕುಡಿಸುತ್ತೇನೆ. ಖಾಲಿ ಲೋಟವನ್ನು ಅವರ ಮುಂದೆ ಬೋರಲಿಟ್ಟು, ನಿಮಗೆ ಮುಂದೆ ಏನೂ ಇಲ್ಲ ಎಂದು ಹೇಳುತ್ತೇನೆ. ಹುಡುಗಿಯ ಪ್ರತಿಜ್ಞೆಯಾದ್ದರಿಂದ ವೆಚ್ಚದ ಅಂದಾಜು ಇರಲಿಲ್ಲ.

ಅಜ್ಜಿ ಆಮೇಲೆ ಬಹಳ ವರ್ಷ ಬದುಕಿದಳು, ಜಗಲಿಯಿಲ್ಲದ ವರ್ಷಗಳು. ಹಿತ್ತಲಿನ ಸಂಡಿಗೆ, ದೇವರ ಗೂಡು, ಕಿಟಕಿ. ಅವಳು ಹೋದಳು, ಆಮೇಲೆ ಅಪ್ಪ, ಆಮೇಲೆ ಅಮ್ಮ. ತಗಡಿನ ಚಾವಣಿಯ ಮನೆಯಿದ್ದ ಜಾಗದಲ್ಲಿ ಈಗ ಒಂದಕ್ಕೊಂದು ಅಂಟಿದ ಎರಡು ಬೂದುಬಣ್ಣದ ಮನೆಗಳಿವೆ. ಹಿತ್ತಲೇ ಇಲ್ಲ, ಅಷ್ಟು ಬಿಸಿಲೂ ದಂಡ. ಮೂರು ಅಂಗಡಿಗಳಲ್ಲಿ ಒಂದು ಜಿಮ್, ಒಂದು ಮೊಬೈಲ್ ರಿಪೇರಿ, ಇನ್ನೊಂದಕ್ಕೆ ಬೀಗ. ಮನೋಲಿಯ ಸಂಸಾರ ಎಲ್ಲ ಮಾರಿ ದ್ವೀಪಕ್ಕೆ ಮರಳಿತೆಂದು ಕೇಳಿದ್ದೆ. ಹೋದ ವರ್ಷ ಪ್ರವಾಸಿಗಳ ಯಾವುದೋ ಪುಟದಲ್ಲಿ ಒಂದು ಚಿತ್ರ ಕಣ್ಣಿಗೆ ಬಿತ್ತು. ಬಿಳಿ ಮನೆಗಳು, ದೊಡ್ಡ ಮರ, ಮೂರು ಅಂಗಡಿಗಳು. ಕಾಫಿ ಅಂಗಡಿಯ ಬಾಗಿಲಲ್ಲಿ ಕಲಿಯೋಪಿ ನಿಂತಿದ್ದಾಳೆ. ಕಲಿಯೋಪಿಯಲ್ಲ, ಅವಳ ವಯಸ್ಸಿನತ್ತ ನಡೆದ ವೂಲಾ.

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ತಮ್ಮ ಸೀನನಿಗೆ ಫೋನು ಮಾಡಿ ಹೊರಟ ಉದ್ದೇಶ ತಿಳಿಸಿದೆ. ಅವನು ಆಫೀಸಿನಲ್ಲಿದ್ದ, ಎದ್ದು ಹೊರಗೆ ಬಂದ. ಆಮೇಲೆ ಹೇಳಿದ:

"ಅಕ್ಕಾ, ಅಷ್ಟು ದೂರ ಹೋಗಿ ಕಾಫಿ ಮಾಡ್ಕೊಟ್ರೆ ಅದನ್ನ ರಿವೆಂಜ್ ಅನ್ನಲ್ಲ ಕಣೆ. ಕೇಟರಿಂಗ್ ಅಂತಾರೆ."

ಅಜ್ಜಿ ಗೇಟಿನ ಕಡೆ ನೋಡುತ್ತ ಕೂತಾಗ ಅವನು ತೊಟ್ಟಿಲಲ್ಲಿದ್ದ. ಅವನಿಗೆ ಅರ್ಥವಾಗುವುದಿಲ್ಲ. ಫಿಲ್ಟರನ್ನು ಸೀರೆಯಲ್ಲಿ ಸುತ್ತಿ, ಅರ್ಧ ಕೇಜಿ ಪುಡಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೂರು ಲೋಟಗಳನ್ನೂ ಇಟ್ಟುಕೊಂಡು ಹೊರಟೆ.

ಆ ಹಳ್ಳಿಯಲ್ಲಿ ಮಧ್ಯಾಹ್ನ ನಾಯಿಗಳೂ ಬೊಗಳುವುದಿಲ್ಲ. ಹಡಗಿನಿಂದಿಳಿದು ಬಂದವಳನ್ನು ಮೊದಲು ಹಿಡಿದದ್ದು ಬ್ರೆಡ್ಡಿನ ಅಂಗಡಿ. ದಾರಿ ಕೇಳಲು ಬಾಗಿಲಲ್ಲಿ ನಿಂತೆ; ಆ ಹೆಂಗಸು ಎಳ್ಳು ಹಚ್ಚಿದ ಬಿಸಿ ಬಳೆಬ್ರೆಡ್ಡನ್ನು ಕೈಗಿತ್ತು ಹಣ ಬೇಡವೆಂದಳು. ಪರವೂರಿನವರಿಗೆ ಮೊದಲ ತಿನಿಸು ಅಂಗಡಿಯವರದಂತೆ. ದಿನಸಿಯವನು ಆಲಿವ್ ಕೊಟ್ಟ, ಅಂಜೂರ ಕೊಟ್ಟ, ಕೂರಲು ಪೆಟ್ಟಿಗೆ ಕೊಟ್ಟ. ಬೇಡವೆಂದರೆ ಅವಮಾನವಂತೆ. ಸೇಡಿಗೆ ಹೊರಟವರು ಖಾಲಿ ಹೊಟ್ಟೆಯಲ್ಲಿರಬೇಕು. ಎರಡು ಅಂಗಡಿ ದಾಟುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿ ಕೋಪ ತೂಕಡಿಸುತ್ತಿತ್ತು. ಅದನ್ನು ಎಬ್ಬಿಸಲು, ಗೇಟಿನ ಹತ್ತಿರ ತಲೆ ತಗ್ಗಿಸಿ ಮುಂದೆ ಹೋದ ಮನೋಲಿಯನ್ನು ನೆನೆಸಿಕೊಳ್ಳಬೇಕಾಯಿತು. ಮೂರನೆಯ ಬಾಗಿಲು ದಾಟಿದರೆ, ಸಾಕ್ಷಾತ್ ಅವನೇ ಕಿಟಕಿಯ ಪಕ್ಕ ಕೂತಿದ್ದ. ಹೆಗಲು ಕುಗ್ಗಿತ್ತು. ಕಿವಿಗಳು ಮಾತ್ರ ಮೊದಲಿನಷ್ಟೇ ದೊಡ್ಡವು.

ವೂಲಾ ನನ್ನನ್ನು ನೋಡಿ ತಟ್ಟೆ ಒರೆಸುವುದು ನಿಲ್ಲಿಸಿದಳು. ಡಾಕ್ಟರ ಮನೆಯ ಹುಡುಗಿ ತಾನೇ ನೀನು ಎಂದಳು. ಅವಳ ಇಂಗ್ಲಿಷು ಇನ್ನೂ ಅಡಿಲೇಡಿನಲ್ಲೇ ಇತ್ತು; ಇಡೀ ಆರ್ವೋ, ಎಂದರೆ ಮಧ್ಯಾಹ್ನವೆಲ್ಲ, ಖಾಲಿ ಇದ್ದೇನೆ, ಕೂತುಕೋ ಎಂದಳು. ನಾನು ಕೂರಲಿಲ್ಲ. ನಿಮ್ಮ ಒಲೆ ಬೇಕು ಎಂದೆ. ನೀರು ಕಾಯಿಸಿ, ಫಿಲ್ಟರಿನ ಮೇಲಿನ ಡಬ್ಬಿಗೆ ಪುಡಿ ಹಾಕಿ ಒತ್ತಿ, ನೀರು ಬಿಟ್ಟು ಮುಚ್ಚಿದೆ. ಡಿಕಾಕ್ಷನ್ ಇಳಿಯಲು ಅದರದೇ ಹೊತ್ತು ಬೇಕು. ಸೇಡಿನ ಯೋಜನೆಯಲ್ಲಿ ಈ ಅಂಶವನ್ನು ನಾನು ಪರಿಗಣಿಸಿರಲಿಲ್ಲ. ಶತ್ರುಗಳ ಜತೆ ಸುಮ್ಮನೆ ಕೂರಬೇಕಾಯಿತು.

ಸುಮ್ಮನಿರಲಾಗದೆ ಹೇಳಿಯೇಬಿಟ್ಟೆ. ನಮ್ಮ ಅಜ್ಜಿ ಮಾಡಿದ್ದು ಅಂಥ ಅಪರಾಧವೇನು, ಕುಡಿದ ಬಟ್ಟಲನ್ನು ತೊಳೆದಿಟ್ಟದ್ದಕ್ಕೆ ಹೀಗೆ ಶಿಕ್ಷೆ ಕೊಡುತ್ತಾರೆಯೇ ಎಂದೆ. ವೂಲಾ ನನ್ನ ಮುಖವನ್ನೇ ನೋಡಿದಳು.

"ತೊಳೆದಿದ್ದಳೇ?"

ಅವರು ಯಾರೂ ನೋಡಿರಲಿಲ್ಲ. ತೊಳೆದದ್ದನ್ನು ಕಂಡು ಕೆರಳಿದರೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಕುಡಿದ ಬಟ್ಟಲಿನಲ್ಲಿ ಚರಟವೇ ಹುಟ್ಟಲಿಲ್ಲವೆಂದು ಅವರು ಅಷ್ಟೇ ವರ್ಷ ತಿಳಿದಿದ್ದರು. ವೂಲಾ ಹೇಳಿದಳು: ಯಾಯಾ ಆಮೇಲೆ ಒಬ್ಬರ ಬಟ್ಟಲನ್ನೂ ನೋಡಲಿಲ್ಲ. ಗೆಳತಿಗೆ ಸಾವು ಹತ್ತಿರ ಬಂದಿದೆ, ಎದುರು ಕೂತರೆ ಅತ್ತುಬಿಡುತ್ತೇನೆ ಎಂದು ಬೆಂಚನ್ನು ಒಳಗೆ ತರಿಸಿದಳು. ಕೊನೆಯ ದಿನಗಳಲ್ಲೂ, ಬಿಳಿಸೀರೆಯವಳು ಇದ್ದಾಳೆಯೇ ಎಂದು ಕೇಳುತ್ತಿದ್ದಳು. ಇದ್ದಾಳೆ ಎಂದರೆ ನಂಬುತ್ತಿರಲಿಲ್ಲ. ಗೋಧಿ ಕೊಡದೆ ಹೋದದ್ದು ಯಾಕೆಂದು ನಾನು ಮನೋಲಿಯ ಕಡೆ ತಿರುಗಿ ಕೇಳಿದೆ. ಸಾವು ಬಾಗಿಲಲ್ಲಿ ಕಾಯುತ್ತಿರುವ ಮನೆಗೆ ಸತ್ತವರ ಅನ್ನ ಕೊಟ್ಟರೆ ಅದನ್ನು ಒಳಕ್ಕೆ ಕರೆದಂತೆ, ಅದಕ್ಕೇ ಕೊಡಲಿಲ್ಲ ಎಂದ. ಅವಳು ಬಟ್ಟಲು ಹಿಡಿದು ಕೂತದ್ದು ತನಗೆ ಕಂಡಿತ್ತು ಎಂದೂ ಹೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: ಸೋಪು ಹಾಕಿ ತೊಳೆದಳೇ? ಹುಣಿಸೆಹಣ್ಣು ಸಿಗದ ಕಾರಣ ಸೋಪಿನಲ್ಲೇ, ಎಂದೆ.

ಇದು ವಿವರಣೆಯೇ ಹೊರತು ಕ್ಷಮಾಪಣೆಯಲ್ಲ. ವಿವರಣೆ ಸಿಕ್ಕಿತೆಂದು, ಸಾಕಿ ಬೆಳೆಸಿದ ದ್ವೇಷವನ್ನು ಯಾರೂ ಬೀದಿಗೆ ಬಿಡುವುದಿಲ್ಲ. ಅಜ್ಜಿಯ ಜಗಲಿ ಹೋದದ್ದು ಹೋಯಿತಷ್ಟೆ. ಅದೂ ಅಲ್ಲದೆ ಡಿಕಾಕ್ಷನ್ ಇಳಿದಿತ್ತು. ಆ ಊರಿನಲ್ಲಿ ಸಿಕ್ಕಿದ್ದು ಮೇಕೆಯ ಹಾಲು. ಅಜ್ಜಿ ಇದನ್ನು ಕಂಡಿದ್ದರೆ ಸೇಡನ್ನೇ ಕೈಬಿಡುತ್ತಿದ್ದಳೋ ಏನೋ. ಬೆರೆಸಿ, ನೊರೆ ಬರುವಂತೆ ಎತ್ತಿ ಆರಿಸಿ, ಇಬ್ಬರಿಗೂ ಕೊಟ್ಟು, ನನಗೂ ಒಂದು ಲೋಟ ಬಗ್ಗಿಸಿಕೊಂಡೆ. ವೂಲಾ ಅರ್ಧ ಕುಡಿದಳು. ಮನೋಲಿ ಕೊನೆಯ ಹನಿಯ ತನಕ ಕುಡಿದು, ಅಭ್ಯಾಸಬಲದಿಂದ ಲೋಟವನ್ನು ತಾನೇ ಮೇಜಿನ ಮೇಲೆ ಬೋರಲಿಟ್ಟ. ನಾನು ಅದನ್ನೆತ್ತಿ ಬೆಳಕಿಗೆ ಹಿಡಿದೆ. ಒಳಗೆ ಬರಿಯ ಹೊಳಪು. ಬಾಲ್ಯದಿಂದ ಹೊತ್ತುಕೊಂಡು ಬಂದ ಮಾತನ್ನು, ಅಕ್ಷರ ಬಿಡದೆ, ಹೇಳಿದೆ. ನಿಮಗೆ ಮುಂದೆ ಏನೂ ಇಲ್ಲ.

ಮುದುಕ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡ. ವೂಲಾ ಅದನ್ನು ಗ್ರೀಕಿಗೂ ತಂದಳು. ಅವನು ನಗಲಿಲ್ಲ, ನೊಂದುಕೊಳ್ಳಲೂ ಇಲ್ಲ. ಕಿಟಕಿಯಾಚೆಯ ಮರವನ್ನು ನೋಡುತ್ತ ಉತ್ತರ ಕೊಟ್ಟ.

"ನನಗೆ ತೊಂಬತ್ತಾಯಿತು. ಅದು ನನಗೂ ಗೊತ್ತು. ಹೇಳುವುದಕ್ಕೆ ಕಾಫಿ ಯಾಕೆ ಬೇಕಿತ್ತು?"

ನಾನು ಆ ಲೋಟ ಹಿಡಿದುಕೊಂಡೇ ಕಿಟಕಿಯಾಚೆ ನೋಡಿದೆ. ಹೊರಗೆ ಮರದ ಕೆಳಗೆ ಒಂದು ಬೆಂಚಿತ್ತು. ಇಬ್ಬರು ಮುದುಕಿಯರು ಕೂರುವಷ್ಟು ಅಗಲ, ಯಾರೂ ಕೂತಿರಲಿಲ್ಲ. ಗಾಳಿಯಲ್ಲಿ ಮೈಸೂರಿನ ಪುಡಿಯ ವಾಸನೆ, ಅದರೊಳಗೆ ಅವರ ಕಪ್ಪಗೆ ಹುರಿದ ಬೀಜದ ವಾಸನೆ; ಒಂದು ಕಾಲದಲ್ಲಿ ನಮ್ಮ ಬೀದಿಯ ತುದಿಯಲ್ಲಿ ಬೆಳಗಿನ ಹೊತ್ತು ಎರಡೂ ಹೀಗೇ ಸೇರಿಕೊಳ್ಳುತ್ತಿದ್ದವು. ಮನೋಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದಕ್ಕೆ ಚಾಚಿದ. ಇನ್ನೊಂದು ಬೇಕಂತೆ.

ಹೊರಡುವ ಮುನ್ನ ನನ್ನ ಲೋಟವನ್ನು ತೊಳೆದೆ, ಅವರಿಬ್ಬರದನ್ನು ತೊಳೆಯಲಿಲ್ಲ. ಸೇಡು ಅಷ್ಟು ಮಾತ್ರ ತೀರಿತು. ಫಿಲ್ಟರ್ ಅಲ್ಲೇ ಉಳಿಯಿತು. ವೂಲಾ ಆಗಾಗ ಅಂಗಡಿಯ ಚಿತ್ರ ಕಳಿಸುತ್ತಾಳೆ. ಮೇಲಿನ ಡಬ್ಬಿಯಲ್ಲಿ ಹಲ್ಲುಕಡ್ಡಿ ಇಟ್ಟಿದ್ದಾರೆ, ಕೆಳಗಿನದರಲ್ಲಿ ಸಕ್ಕರೆ.